ಅಜ್ಜನ ಫೋಟೋದ ಹಿಂದೆ

ಅಂಗಾರಣ್ಣ ಸತ್ತು ಆರು ವರ್ಷವಾಯಿತು. ಆದರೂ ಭಾಂಡುಪ್ ಸ್ಟೇಷನ್ನಿನ ಎದುರಿನ ಹೋಟೆಲನ್ನು ರಿಕ್ಷಾದವರು ಈಗಲೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಗಲ್ಲಾದ ಮೇಲೆ ಅವರ ಫೋಟೋ ಇದೆ. ಮಗ ಪ್ರೀತಮ್ ದಿನಾ ಬೆಳಿಗ್ಗೆ ಅದಕ್ಕೆ ಊದುಬತ್ತಿ ಹಚ್ಚಿ, ಕೈಮುಗಿದು, ಆಮೇಲಷ್ಟೇ ಶಟರ್ ಪೂರ್ತಿ ಎತ್ತುತ್ತಾನೆ. ಅದೇ ಪದ್ಧತಿ ಮುಲುಂಡಿನ ಮನೆಯ ಕಂಪ್ಯೂಟರಿಗೂ ಬಂದಾಗ ಅವನ ಹೆಂಡತಿ ವಾರಿಜಾ ನಕ್ಕು ಸುಮ್ಮನಾಗಿದ್ದಳು.

ಪ್ರೀತಮನಿಗೆ ಮೊದಲಿನಿಂದಲೂ ಕಂಪ್ಯೂಟರಿನ ಹುಚ್ಚು. ಹದಿನೇಳನೆಯ ವಯಸ್ಸಿನಲ್ಲಿ ಡಿಪ್ಲೊಮಾ ಸೀಟೂ ಸಿಕ್ಕಿತ್ತು. ಅಂಗಾರಣ್ಣ ಬಿಡಲಿಲ್ಲ. "ಒಂದು ವರ್ಷ ಗಲ್ಲಾದಲ್ಲಿ ಕೂತ್ಕೊ. ಒಂದು ವರ್ಷದಲ್ಲಿ ಎಂತ ಹೋಗ್ತದೆ" ಎಂದರು. ಆ ಒಂದು ವರ್ಷ ಇನ್ನೂ ಮುಗಿದಿಲ್ಲ. ಈ ಮಾತನ್ನು ಪ್ರೀತಮ್ ಹೆಂಡತಿಗೆ ಎಷ್ಟು ಸಲ ಹೇಳಿ ಹಲ್ಲು ಕಡಿದಿದ್ದಾನೋ ಲೆಕ್ಕವಿಲ್ಲ. ಕಾಲೇಜಿನಲ್ಲಿ ಕಲಿಯಲಾಗದ್ದನ್ನು ರಜೆಯ ದಿನಗಳಲ್ಲಿ ಇಂಟರ್‌ನೆಟ್ ನೋಡಿ ಕಲಿತ. ಎಲ್ಲರ ಮನೆಯಂತೆ ವಿಂಡೋಸ್ ಬೇಡವೆಂದು ಲಿನಕ್ಸ್ ಹಾಕಿದ. ಸ್ವಿಚ್ ಒತ್ತಿದರೆ ಮೊದಲು ಅಪ್ಪನ ಮುಖ ಪರದೆ ತುಂಬ ಬರಬೇಕು, ಕೆಳಗೊಂದು ಬಿಳಿ ಚಕ್ರ ತಿರುಗಬೇಕು, ಮಿಕ್ಕದ್ದೆಲ್ಲ ಆಮೇಲೆ ತೆರೆಯಬೇಕು, ಹಾಗೆ ಮಾಡಿಟ್ಟ. ಓದಲು ಬಿಡದ ಅಪ್ಪನನ್ನೇ ಓದಿನ ಬಾಗಿಲಲ್ಲಿ ಕೂರಿಸಿದ ಗಂಡನನ್ನು ಕಂಡು ವಾರಿಜಾಳಿಗೆ ಒಮ್ಮೊಮ್ಮೆ ಮರುಕ ಬರುತ್ತಿತ್ತು, ಒಮ್ಮೊಮ್ಮೆ ಸಿಟ್ಟು.

ಈಗ ಮಗಳು ಶ್ರೇಯಾಳಿಗೂ ಡಿಪ್ಲೊಮಾ ಸೀಟು ಸಿಕ್ಕಿತ್ತು. ಅದನ್ನು ಖಾತ್ರಿಪಡಿಸಲು ಶನಿವಾರ ಸಂಜೆ ಐದು ಗಂಟೆ ಕೊನೆ. ಪ್ರಮಾಣಪತ್ರಗಳನ್ನು ಅಪ್‌ಲೋಡ್ ಮಾಡಿ ಒಂದು ಬಟನ್ ಒತ್ತಿದರೆ ಮುಗಿಯಿತು. ಅಸಲು ಪತ್ರಗಳು ಬ್ಯಾಂಕಿನ ಲಾಕರಿನಲ್ಲಿದ್ದವು, ನಾಲ್ಕನೇ ಶನಿವಾರವಾದ್ದರಿಂದ ಬ್ಯಾಂಕಿಗೆ ರಜೆ. ಸ್ಕ್ಯಾನ್ ಮಾಡಿದ ಪ್ರತಿಗಳು ಈ ಕಂಪ್ಯೂಟರ್ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಆ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಶ್ರೇಯಾ ಸ್ವಿಚ್ ಒತ್ತಿದಳು. ಅಜ್ಜ ಬರಲಿಲ್ಲ. ಹಿಂದಿನ ದಿನದ ಅಪ್‌ಡೇಟಿನಲ್ಲಿ ಏನೋ ಹೆಚ್ಚುಕಡಿಮೆಯಾಗಿ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರನೆ ಓಡಿ, ನೇರವಾಗಿ ಡೆಸ್ಕ್‌ಟಾಪ್ ತೆರೆದುಕೊಂಡಿತು.

"ಚಲೋ, ಮಾಡಿಬಿಡ್ತೇನೆ ಪಪ್ಪ," ಎಂದಳು ಶ್ರೇಯಾ.

"ನಿಲ್ಲು," ಎಂದ ಪ್ರೀತಮ್. "ಅಜ್ಜನ ಮುಖ ನೋಡದೆ ಇಷ್ಟು ದೊಡ್ಡ ಕೆಲಸ ಶುರು ಮಾಡುದಾ?"

ಶ್ರೇಯಾ ತಾಯಿಯ ಕಡೆ ನೋಡಿದಳು. ವಾರಿಜಾ ಕ್ಯಾಲೆಂಡರಿನ ಕಡೆ ನೋಡಿದಳು.

"ಹತ್ತೂವರೆವರೆಗೆ ಹೇಗೂ ರಾಹುಕಾಲ ಉಂಟು ಮಗಾ. ಅಷ್ಟರಲ್ಲಿ ಪಪ್ಪ ಸರಿ ಮಾಡ್ತಾರೆ. ಐದರವರೆಗೆ ಟೈಮ್ ಉಂಟಲ್ಲ."

ತೆರೆದೇ ಇದ್ದ ಬಾಗಿಲನ್ನು ಮುಚ್ಚಿದವಳು ತಾನು. ಆಮೇಲೆ ಎಷ್ಟು ಯೋಚಿಸಿದರೂ ಈ ಒಂದು ತಪ್ಪನ್ನು ವಾರಿಜಾಳಿಗೆ ಬೇರೆ ಯಾರ ತಲೆಗೂ ಕಟ್ಟಲಾಗಲಿಲ್ಲ.

ಹತ್ತೂವರೆ ಹೋಯಿತು, ಹನ್ನೆರಡೂ ಹೋಯಿತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ಅದೇ ಕಥೆ. ಯಾವುದೋ ಫೋರಮ್ಮಿನಲ್ಲಿ ಯಾರೋ ಬರೆದದ್ದನ್ನು ನೋಡಿಕೊಂಡು ಪ್ರೀತಮ್ ಒಂದು ಸಾಲು ಅಳಿಸುತ್ತಿದ್ದ, ಇನ್ನೊಂದು ಸೇರಿಸುತ್ತಿದ್ದ, ಮತ್ತೆ ರೀಸ್ಟಾರ್ಟ್ ಮಾಡುತ್ತಿದ್ದ. ಒಮ್ಮೆ ಬರೀ ಕಪ್ಪು. ಒಮ್ಮೆ ಮೂರು ಚುಕ್ಕೆ. ಒಮ್ಮೆ ಅಜ್ಜ ಬಂದರು, ಮೂಲೆಯಲ್ಲಿ ಅಂಚೆಚೀಟಿಯಷ್ಟು ಗಾತ್ರದಲ್ಲಿ. ಪ್ರತಿ ಸಲವೂ ಡೆಸ್ಕ್‌ಟಾಪ್ ಸರಿಯಾಗಿಯೇ ತೆರೆಯುತ್ತಿತ್ತು, ಪ್ರತಿ ಸಲವೂ ಶ್ರೇಯಾ ಅಪ್ಪನ ಹೆಗಲ ಮೇಲಿಂದ ಬಗ್ಗುತ್ತಿದ್ದಳು.

"ಪಪ್ಪ, ಪ್ಲೀಸ್, ದೋ ಮಿನಿಟ್ ಕಾ ಕಾಮ್ ಹೈ."

"ಇನ್ನೊಂದೇ ಸಲ. ಈಗ ಗೊತ್ತಾಯ್ತು ನಂಗೆ ಎಲ್ಲಿ ತಪ್ಪಿದ್ದು ಅಂತ."

ಎರಡೂವರೆಗೆ ಅಜ್ಜ ಪರದೆ ತುಂಬ ಬಂದರು. ಬಿಳಿ ಅಂಗಿ, ಹಣೆಗೆ ಕುಂಕುಮ, ಕೆಳಗೆ ತಿರುಗುವ ಚಕ್ರ. ಪ್ರೀತಮ್ ಕೈಮುಗಿದು ಕಣ್ಣೊರೆಸಿಕೊಂಡ. ವಾರಿಜಾಳೂ ಕೈಮುಗಿದಳು. ಐದು ನಿಮಿಷವಾಯಿತು, ಹತ್ತಾಯಿತು. ಚಕ್ರ ತಿರುಗುತ್ತಲೇ ಇತ್ತು.

"ಫಸ್ಟ್ ಟೈಮ್ ಅಲ್ವಾ, ಸ್ವಲ್ಪ ಲೇಟಾಗ್ತದೆ. ಯಾರೂ ಮುಟ್ಟಬೇಡಿ, ಬಂದದ್ದು ಮತ್ತೆ ಹೋಗ್ತದೆ," ಎಂದ ಪ್ರೀತಮ್. ಬೆಳಗ್ಗಿನಿಂದ ತೊಟ್ಟು ನೀರು ಕುಡಿಯದವನು ಈಗ ಹೊಟ್ಟೆ ತುಂಬ ಊಟ ಮಾಡಿ ಸೋಫಾದಲ್ಲಿ ಒರಗಿದ. ನಿದ್ದೆಯೂ ಬಂತು ಪುಣ್ಯಾತ್ಮನಿಗೆ.

ಮೂರೂವರೆಗೆ ಶ್ರೇಯಾ ಕೀಬೋರ್ಡಿನತ್ತ ಕೈ ಚಾಚಿದಳು. ವಾರಿಜಾ ಆ ಕೈಯನ್ನು ಹಿಡಿದುಕೊಂಡಳು.

"ಬೇಡ. ಪಪ್ಪ ಹೇಳಿದ್ದಾರಲ್ಲ."

ಮಗಳ ಕೈ ತಣ್ಣಗಿತ್ತು. ಬಿಟ್ಟುಬಿಡಬೇಕು ಎಂದು ವಾರಿಜಾಳಿಗೆ ಅನ್ನಿಸಿತು. ಬಿಡಲಿಲ್ಲ.

ನಾಲ್ಕೂವರೆ ದಾಟಿದ ಮೇಲೆ ಶ್ರೇಯಾ ಯಾರನ್ನೂ ಕೇಳದೆ ಎಸ್ಕೇಪ್ ಕೀ ಒತ್ತಿದಳು. ಅಜ್ಜ ಮಾಯವಾದರು. ಹಿಂದಿದ್ದ ಕಪ್ಪು ಪರದೆಯ ತುದಿಯಲ್ಲಿ ಇಂಗ್ಲಿಷಿನ ಒಂದು ಸಾಲು. ಒಂದು ಡಿಸ್ಕಿಗಾಗಿ ಕಾಯುತ್ತಿದ್ದೇನೆ, ಇಷ್ಟೇ ಹೊತ್ತು ಎಂಬ ಮಿತಿಯಿಲ್ಲ. ಪಕ್ಕದಲ್ಲಿ ಕಾದ ಹೊತ್ತು, ಎರಡು ಗಂಟೆ ನಾಲ್ಕು ನಿಮಿಷ.

ಪ್ರೀತಮನನ್ನು ಅಲುಗಾಡಿಸಿ ಎಬ್ಬಿಸಿದರು. ಫೋಟೋ ತರುವ ಹಟದಲ್ಲಿ ಅವನು ಡಿಸ್ಕಿನ ಗುರುತಿನ ಉದ್ದನೆಯ ನಂಬರನ್ನು ಮತ್ತೆ ಬರೆದಿದ್ದ. ಅದರಲ್ಲಿ ಒಂದು ಅಂಕಿ ತಪ್ಪಿತ್ತು. ಆ ನಂಬರಿನ ಡಿಸ್ಕ್ ಆ ಕಂಪ್ಯೂಟರಿನಲ್ಲಿ ಇರಲೇ ಇಲ್ಲ. ಕಾಯುತ್ತಿರುವ ಕಾರಣವನ್ನು ಕಂಪ್ಯೂಟರ್ ಮೊದಲ ನಿಮಿಷದಿಂದಲೂ ಬರೆದು ತೋರಿಸುತ್ತಿತ್ತು, ಇವರು ಅದರ ಮುಂದಿದ್ದ ಮುಖಕ್ಕೆ ಕೈಮುಗಿದು ಕೂತಿದ್ದರು. ಪ್ರೀತಮ್ ಲಿನಕ್ಸ್ ಇದ್ದ ಪೆನ್‌ಡ್ರೈವ್ ಹಾಕಿ, ಅದರಿಂದ ಕಂಪ್ಯೂಟರ್ ಶುರು ಮಾಡಿ, ಆ ಅಂಕಿ ತಿದ್ದಿದ. ಅಜ್ಜ ನಾಲ್ಕು ಸೆಕೆಂಡ್ ಕಾಣಿಸಿಕೊಂಡು ದಾರಿ ಬಿಟ್ಟರು. ಆಗ ಐದು ಗಂಟೆ ಹತ್ತು ನಿಮಿಷ. ಸೀಟಿನ ಪುಟ ತೆರೆದರೆ ಅವಧಿ ಮುಗಿದಿದೆ ಎಂದಿತ್ತು.

ಶ್ರೇಯಾ ಅಳಲಿಲ್ಲ. ಅತ್ತಿದ್ದರೆ ವಾರಿಜಾ ಸಮಾಧಾನವಾದರೂ ಮಾಡುತ್ತಿದ್ದಳು. ಪ್ರೀತಮ್ ಎದ್ದು ಬಂದು ಮಗಳ ತಲೆ ನೇವರಿಸಿದ.

"ಬೇಜಾರು ಮಾಡ್ಬೇಡ ಮಗಾ," ಎಂದ ಮೆತ್ತಗೆ. "ನಾಳೆಯಿಂದ ಹೋಟೆಲಿಗೆ ಬಾ, ಗಲ್ಲಾದಲ್ಲಿ ಕೂತ್ಕೊ. ಒಂದು ವರ್ಷದಲ್ಲಿ ಎಂತ ಹೋಗ್ತದೆ."

ಹೇಳಿದವನಿಗೆ ತನ್ನ ಮಾತು ಕೇಳಿಸಲಿಲ್ಲ. ವಾರಿಜಾಳಿಗೆ ಕೇಳಿಸಿತು.

"ಆ ಫೋಟೋ ತೆಗೀರಿ," ಎಂದಳು.

ಪ್ರೀತಮ್ ಅವಳನ್ನೇ ನೋಡಿದ. ನಿಜವಾಗಿಯೂ ಅರ್ಥವಾಗದವನ ಮುಖವದು.

"ಎಂತಕ್ಕೆ? ಈಗ ಸರಿಯಾಯ್ತಲ್ಲ."