ಬಲಗಡೆಯ ಜೇಬು

ಕ್ಷೌರಿಕ ಖಿಯೆಮ್ ತನ್ನ ಅಂಗಿಯನ್ನು ದಿಯೆಪ್‌ಳ ಹೊಲಿಗೆ ಯಂತ್ರದ ಮೇಲಿಟ್ಟು, ಎದೆಯ ಜೇಬನ್ನು ಬಿಚ್ಚಿ ಬಲಗಡೆಗೆ ಹಾಕಿಕೊಡು ಎಂದ.

"ನಾನು ಎಡಚ ಅಲ್ವಾ ತಂಗಿ. ಬಾಚಣಿಗೆ ತೆಗೆಯೋಕೆ ಕೈ ತಿರುಚಬೇಕು. ಇಷ್ಟು ವರ್ಷ ಹೇಗೋ ನಡೀತು, ಈಗ ಭುಜ ನೋಯುತ್ತೆ."

"ಬಾಚಣಿಗೆ ಹಿಡಿಯೋಕೆ ಮಾತ್ರಾನಾ ಆ ಕೈ?" ದಿಯೆಪ್ ಮುಖ ಎತ್ತಲಿಲ್ಲ.

"ನೀನು ಕೇಳ್ತಿರೋದು ಜೇಬಿನ ವಿಷಯ ಅಲ್ಲ."

"ಅರ್ಥ ಆಯ್ತಲ್ಲ."

ಅವನು ಅಂಗಿ ಬಿಟ್ಟು ಹೋದ. ಊರಿಗಿದ್ದ ದರ್ಜಿ ಅವಳೊಬ್ಬಳೇ.

ಪಕ್ಕದ ಸಭಾಭವನದ ಕೀಲಿಯೂ ಅವಳ ಬಳಿಯೇ ಇತ್ತು. ಅಲ್ಲಿನ ಗೋಡೆಯ ಮೇಲೆ ಅಮೆರಿಕನ್ನರ ಜೊತೆಗಿನ ಯುದ್ಧದ ಇತಿಹಾಸವೆಲ್ಲ ಮೂವತ್ತು ಫೋಟೊಗಳಲ್ಲಿ ತೂಗುತ್ತಿತ್ತು. ಹದಿನೇಳನೆಯದು ಅವರದೇ ಊರಿನದು. ಸಾಲಾಗಿ ನಿಲ್ಲಿಸಿದ ಗಂಡಸರು, ಸುತ್ತ ಸೈನಿಕರು, ಎದುರಿಗೆ ತಲೆಗೆ ಗೋಣಿಚೀಲ ಹಾಕಿಕೊಂಡು ಸೈನಿಕರಿಗೆ ಜನರನ್ನು ತೋರಿಸಿಕೊಡುತ್ತಿದ್ದ ಊರಿನವನೊಬ್ಬ. ಚೀಲದಲ್ಲಿ ಕಣ್ಣಿಗೆ ಎರಡು ತೂತು. ಅವನ ಎಡಗೈ ದಿಯೆಪ್‌ಳ ಅಪ್ಪನ ಕಡೆಗೆ ಚಾಚಿತ್ತು. ಅಂದು ಎಳೆದೊಯ್ದ ಅಪ್ಪ ಮತ್ತೆ ಬರಲಿಲ್ಲ.

ಮೂರು ವರ್ಷದ ಹಿಂದೆ ಫೋಟೊ ಬಂದ ದಿನ ಅವಳು ಹೇಳಿದ್ದು ಒಂದೇ ಮಾತು: "ಎಡಗೈ ನೋಡಿ." ಮಿಕ್ಕಿದ್ದನ್ನು ಊರೇ ಹೇಳಿಕೊಂಡಿತು; ಊರಿನಲ್ಲಿ ಎಡಚ ಅಂದರೆ ಖಿಯೆಮ್ ಒಬ್ಬನೇ. ಸಂತೆಯಲ್ಲಿ ಹುಣಸೆಮರದ ಕೆಳಗಿದ್ದ ಖಿಯೆಮ್‌ನ ಕುರ್ಚಿ ಖಾಲಿಯಾಯಿತು. ಅಂಥವನ ಕತ್ತಿಗೆ ಕುತ್ತಿಗೆ ಒಡ್ಡುವವರು ಯಾರು?

ಜೇಬಿನ ಮಾತು ಅವಳನ್ನು ಕೊರೆಯತೊಡಗಿತು. ಎದ್ದು ಹೋಗಿ ಸಭಾಭವನದ ಬೀಗ ತೆಗೆದಳು. ಚೀಲದವನ ಅಂಗಿಯಲ್ಲಿ ಜೇಬು ಬಲಗಡೆಗೇ ಇತ್ತು.

ಅಂಗಡಿಯಲ್ಲಿ ಜೇಬಿನ ಮಾತು ಕೇಳಿಸಿಕೊಂಡು ಅವಳ ಹಿಂದೆಯೇ ಬಂದ ಊರ ಕಚೇರಿಯ ಗುಮಾಸ್ತ ಥೊವಾಯ್ ಇಣುಕಿ ನೋಡಿದ. "ಇನ್ನೇನು ಸಾಕ್ಷಿ ಬೇಕಕ್ಕ? ಅವತ್ತೂ ಹಾಗೇ ಹೊಲಿಸ್ಕೊಂಡಿದ್ದ. ನಾನು ಮೊದಲೇ ಹೇಳಿದ್ದೆ."

ಅವಳ ಕಣ್ಣು ಅಭ್ಯಾಸದಂತೆ ಅಪ್ಪನ ಕಡೆ ಹೋಯಿತು. ಅಪ್ಪನ ಜೇಬೂ ಬಲಗಡೆಗಿತ್ತು. ಅದು ಅಮ್ಮ ಎಡಕ್ಕೆ ಜೇಬಿಟ್ಟು ಹೊಲಿದ ಅಂಗಿ. ಅಪ್ಪ ಎಡಚನಲ್ಲ. ಪಕ್ಕದವನದೂ ಬಲಕ್ಕೆ, ಅವನಾಚೆಯವನದೂ ಬಲಕ್ಕೆ. ಮೂವತ್ತು ವರ್ಷ ಅಂಗಿ ಹೊಲಿದವಳು ಮೂರು ವರ್ಷದಿಂದ ಬರೀ ಕೈಯನ್ನೇ ನೋಡಿದ್ದಳು.

"ಫೋಟೊನ ತಿರುಗುಮುರುಗಾಗಿ ಅಚ್ಚು ಹಾಕಿದಾರೆ," ಎಂದಳು. "ಕನ್ನಡಿಲಿ ಕಂಡ ಹಾಗೆ. ಅದು ಬಲಗೈ."

ಥೊವಾಯ್ ಮುಖ ಹತ್ತಿರ ತಂದು ಚೀಲದವನನ್ನೇ ದಿಟ್ಟಿಸಿದ. ಆಮೇಲೆ ದನಿ ತಗ್ಗಿಸಿ, "ಹಾಗಾದ್ರೆ ಬಲಗೈಯವರಲ್ಲಿ ಯಾರಿರಬಹುದಕ್ಕ?" ಎಂದ.

"ನಿಮ್ಮಪ್ಪ ಯಾವ ಕೈಲಿ ಉಣ್ತಿದ್ದ?"

ಥೊವಾಯ್ ಬಾಗಿಲ ಕಡೆ ಸರಿದ. ಆ ಪ್ರಶ್ನೆ ಎಷ್ಟು ಸಲೀಸಾಗಿ ತನ್ನ ಬಾಯಿಂದ ಬಂತೆಂದು ದಿಯೆಪ್‌ಗೇ ಹೇಸಿಗೆಯಾಯಿತು. ಫೋಟೊ ಕೆಳಗಿಳಿಸಿ, ಸರಿಯಾಗಿ ಅಚ್ಚು ಹಾಕಿಸಲು ಕಾಗದ ಸುತ್ತಿಟ್ಟಳು.

ಮರುದಿನ ಸಂತೆ ತುಂಬಿದ್ದಾಗ ಅಂಗಿ ಹಿಡಿದು ಹುಣಸೆಮರದ ಬಳಿಗೆ ಹೋದಳು. ಮೀನು ಮಾರುವವರು ತಕ್ಕಡಿ ಬಿಟ್ಟು ನೋಡಿದರು.

"ಫೋಟೊ ತಿರುಗುಮುರುಗಾಗಿದೆ ಅಣ್ಣ. ಆ ಚೀಲದವನು ಎಡಚ ಅಲ್ಲ," ಎಲ್ಲರಿಗೂ ಕೇಳುವಂತೆ ಹೇಳಿದಳು. "ನಿನ್ನ ಮೇಲಿನ ಮಾತು ಹುಟ್ಟಿದ್ದು ನನ್ನ ಬಾಯಲ್ಲೇ."

ಖಿಯೆಮ್ ಬಲಗಡೆಗೆ ಹೊಲಿದ ಜೇಬನ್ನು ಸವರಿದ.

ಅವಳು ಕುರ್ಚಿಯಲ್ಲಿ ಕೂತು ತಲೆ ವಾಲಿಸಿದಳು. "ಕಿವಿ ಶುಚಿ ಮಾಡಿಕೊಡು."

ಅವನು ಉದ್ದನೆಯ ಕಬ್ಬಿಣದ ಕಡ್ಡಿಯನ್ನು ಎಡಗೈಯಲ್ಲಿ ಎತ್ತಿಕೊಂಡ. "ಅಲ್ಲಾಡಬೇಡ ತಂಗಿ."

ದಿಯೆಪ್ ಕಣ್ಣು ಮುಚ್ಚಿಕೊಂಡಳು. ಅಲ್ಲಾಡಲಿಲ್ಲ.