ನೀರಾನೆ ಹೊದ್ದ ಚಾದರ

"ಒಂದು ಬಕೆಟ್ ನೀರು ತಾಯಿ, ಒಂದೇ ಒಂದು," ಅಂತ ಲಾರಿ ಡ್ರೈವರ್ ಮತ್ತೆ ಕೇಳಿದಾಗ ಸಾಬೂನಮ್ಮ ತನ್ನ ನೀರಿನ ತೊಟ್ಟಿಯ ಹಲಗೆ ಮೇಲೆ ಹತ್ತಿ ಕೂತೇಬಿಟ್ಟಳು. ಅವಳು ಕೂತಳು ಅಂದರೆ ಮುಗೀತು, ಎಬ್ಬಿಸೋಕೆ ಎರಡು ಜೊತೆ ಎತ್ತು ಕಟ್ಟಬೇಕು.

"ಬಂಗಾರ ಕೇಳು, ಕಿವೀದು ಬಿಚ್ಚಿ ಕೊಡ್ತೀನಿ. ಈ ಬೀದೀಲಿ ನೀರು ಮಾತ್ರ ಕೇಳಬೇಡ."

ಆ ಬೀದಿಯ ನಲ್ಲಿ ಬಾಯಿ ಬಿಡುತ್ತಿದ್ದದ್ದು ವಾರಕ್ಕೊಂದು ಸಲ. ಅದೂ ಮೊದಲು ಅರ್ಧ ಗಂಟೆ ಕೆಮ್ಮಿ, ಕ್ಯಾಕರಿಸಿ, ಆಮೇಲೆ. ಹಿಡಿದಿಟ್ಟ ನೀರಿನ ಪಕ್ಕದಲ್ಲೇ ಲಾಡ್ಜಿನ ಬಿಳಿ ಚಾದರಗಳ ಗಂಟು ಗುಡ್ಡದ ಹಾಗೆ ಬಿದ್ದಿತ್ತು. ಸಂಜೆಯೊಳಗೆ ಒಗೆದು, ಒಣಗಿಸಿ, ಗಂಡ ಇಸ್ತ್ರಿ ಹಾಕಿ ಲಾಡ್ಜಿಗೆ ಮುಟ್ಟಿಸಬೇಕು. "ಇನ್ನೊಂದು ಸಲ ತಡವಾದ್ರೆ ಮೆಷಿನ್ ತರಿಸ್ತೀನಿ, ನೀವಿಬ್ರೂ ಮನೇಲಿ ಮಲಕ್ಕೊಳ್ಳಿ," ಅಂತ ಅಲ್ಲಿನ ಮ್ಯಾನೇಜರ್ ಹೇಳಿ ಕಳಿಸಿದ್ದ. ಇವರ ಮನೆಯ ಒಲೆ ಉರಿಯುತ್ತಿದ್ದದ್ದು ಆ ಲಾಡ್ಜಿನ ಹಾಸಿಗೆಗಳಿಂದಲೇ.

ಗಂಡ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಾ ಕೇಳಿದ, "ನೀರು ಯಾರಿಗಯ್ಯಾ? ಇಂಜಿನ್ನಿಗಾ?"

"ಅಲ್ಲಣ್ಣ. ನೀರಾನೆಗೆ."

ಗಂಡ ಇಕ್ಕುಳ ಕೆಳಗಿಟ್ಟ. ಸಾಬೂನಮ್ಮ ಹಲಗೆಯಿಂದ ಇಳಿದಳು. ಎತ್ತು ಬೇಕಾಗಲಿಲ್ಲ.

ಲಾರಿ ಬೀದಿ ತಿರುವಿನಲ್ಲಿ ಅಚ್ಚು ಮುರಿದುಕೊಂಡು ವಾರೆಯಾಗಿ ನಿಂತಿತ್ತು. ಹಿಂದೆ ತಗಡಿನ ಮುಚ್ಚಳದ ಒಂದು ದೊಡ್ಡ ಪೆಟ್ಟಿಗೆ, ಪಕ್ಕಕ್ಕೆ ಕಬ್ಬಿಣದ ಕಂಬಿ. ಬಿಸಿಲು ಹೇಗಿತ್ತೆಂದರೆ ಕಾಗೆಯ ನೆರಳೂ ನೆರಳು ಹುಡುಕುತ್ತಿತ್ತು. ಸಾಬೂನಮ್ಮ ಚಕ್ರದ ಮೇಲೆ ಕಾಲಿಟ್ಟು ಹತ್ತಿ ಇಣುಕಿದಳು. ಈ ಗೋಡೆಯಿಂದ ಆ ಗೋಡೆಗೆ ಬರೀ ಮೈ. ತಿರುಗೋಕೆ ಜಾಗವಿಲ್ಲ, ಮಲಗೋಕೂ ಇಲ್ಲ. ಬೆನ್ನು ಒಣಗಿ, ಹಳೇ ಗೋಡೆಯ ಗಾರೆಯ ಹಾಗೆ ಬಿರಿದಿತ್ತು. ಅಷ್ಟು ದೊಡ್ಡ ತಲೆಯಲ್ಲಿ ಅಷ್ಟು ಚಿಕ್ಕ ಕಣ್ಣು, ಅದು ಅವಳನ್ನೇ ನೋಡುತ್ತಿತ್ತು.

"ಅಯ್ಯೋ ನಿನ್ನ ಮನೆ ಹಾಳಾಗ! ದಿಂಬಿನ ಚೀಲಕ್ಕೆ ಹಾಸಿಗೆ ತುರುಕಿದ ಹಾಗೆ ತುರುಕಿದ್ದೀಯಲ್ಲೋ!"

"ನಾನಲ್ಲಮ್ಮ ತುರುಕಿದ್ದು. ಅಳತೆ ತಗೊಂಡಾಗ ಅದು ಮರಿ. ಈ ಮೃಗಾಲಯದಿಂದ ಆ ಮೃಗಾಲಯಕ್ಕೆ ಕಳಿಸೋಕೆ ಮೇಲಿನವರು ಹೂಂ ಅನ್ನೋ ಹೊತ್ತಿಗೆ ಅದು ಬೆಳೆದುಬಿಡ್ತು. ಪೆಟ್ಟಿಗೆ ಬೆಳೀಲಿಲ್ಲ."

"ನೀರಿಗೇನು ಮಾಡಿದ್ರು?"

"ಬೆಳಿಗ್ಗೆ ಹೊರಟ್ರೆ ಸಂಜೆಗೆ ಸೇರ್ತೀಯ, ನೀರ್ಯಾಕೆ ಅಂದ್ರು." ಡ್ರೈವರ್ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಗಾಡಿ ರಿಪೇರಿಯಾಗೋ ತನಕ ಇದು ಉಳಿಯಲ್ಲಮ್ಮ. ಉಸಿರು ಕೇಳಿಸ್ತಿದೆಯಾ?"

ಕೇಳಿಸುತ್ತಿತ್ತು. ಬಾವಿಯ ತಳದಲ್ಲಿ ಯಾರೋ ಮಂಚ ಎಳೆದ ಹಾಗೆ.

ಸಾಬೂನಮ್ಮ ಒಂದು ಬಕೆಟ್ ತಂದು ಸುರಿದಳು. ಬೆನ್ನು ಒದ್ದೆಯಾಯಿತು ಅನ್ನುವಷ್ಟರಲ್ಲಿ ಆರಿತು. ಇನ್ನೊಂದು ಸುರಿದಳು, ಅದೂ ಆರಿತು. ಆಗ ಅವಳು ತಿರುಗಿ ಚಾದರಗಳ ಗಂಟನ್ನು ನೋಡಿದಳು. ಗಂಡನಿಗೆ ಆ ನೋಟದ ಅರ್ಥ ಗೊತ್ತಾಯಿತು.

"ಲೇ, ಬೇಡ ಕಣೇ. ಅದು ಲಾಡ್ಜಿಂದು."

"ಒಂದು ದಿನ ಬರೀ ಹಾಸಿಗೆ ಮೇಲೆ ಬಿದ್ಕೊಂಡ್ರೆ ಲಾಡ್ಜಿನವರು ಸಾಯಲ್ಲ."

"ಅವರು ಸಾಯಲ್ಲ. ನಮ್ಮ ಗತಿ?"

"ನಮ್ಮ ಗತಿ ನಾಳೆ ನೋಡೋಣ. ಇದಕ್ಕೆ ನಾಳೆ ಇಲ್ಲ. ಆ ತುದಿ ಹಿಡಿ."

ಗಂಡ ಹಿಡಿದ. ತೊಟ್ಟಿಯಲ್ಲಿ ಅದ್ದಿ ಅದ್ದಿ ಇಬ್ಬರೂ ಕಂಬಿ ಸಂದಿಯಿಂದ ಚಾದರಗಳನ್ನು ಒಳಗೆ ತೂರಿಸಿ ಅದರ ಬೆನ್ನ ಮೇಲೆ ಹೊದಿಸಿದರು. ತೊಟ್ಟಿ ತಳ ಕಂಡಾಗ ಎದುರುಮನೆ ಗಡಿಯಾರ ರಿಪೇರಿಯವನ ಹೆಂಡತಿ ಕೊಡ ಹೊತ್ತು ಬಂದಳು. ನಲ್ಲಿ ಜಗಳದಲ್ಲಿ ಸಾಬೂನಮ್ಮನ ಜೊತೆ ಮಾತು ಬಿಟ್ಟವಳು ಅವಳು.

"ನಿನಗೇನೂ ಕೊಡ್ತಿಲ್ಲ ನಾನು. ಆ ಪ್ರಾಣಿಗೆ."

"ನಿನ್ನ ನೀರು ಯಾರಿಗೆ ಬೇಕು? ನಾನು ಸುಮ್ನೆ ಅದರ ಪಕ್ಕ ನಿಂತಿದ್ದೀನಿ ಅಷ್ಟೆ. ಹುಯ್ಯಿ, ಕತ್ತಿನ ಹತ್ರ ಹುಯ್ಯಿ."

ಆಮೇಲೆ ಬೀದಿಗೆ ಬೀದಿಯೇ ಬಂತು. ಚೊಂಬು ತಂದವರು, ಮಗು ಸ್ನಾನದ ಟಬ್ ತಂದವರು, ಹೂಜಿ ತಂದವರು. ಕುಡಿಯೋಕೆ ಇಟ್ಟುಕೊಂಡ ನೀರನ್ನೂ ಸುರಿದರು. ಎಷ್ಟೋ ವರ್ಷ ಕಳೆದು ಈಗ ಆ ಬೀದಿಯಲ್ಲಿ ಮನೆಗೆ ಮೂರು ನಲ್ಲಿ, ಕಿವಿ ತಿರುಗಿಸಿದರೆ ಸಾಕು, ಬೇಡ ಅಂದರೂ ನೀರು. ಆದರೆ ಸಾಬೂನಮ್ಮನಿಗೆ ಅಂಥ ಮಧ್ಯಾಹ್ನ ಮತ್ತೆ ಸಿಗಲಿಲ್ಲ. ಆಗ ಗಂಡ ಇದ್ದ. ಅಂಗಿ ತೋಳು ಮಡಚಿ, ಮೊಣಕಾಲವರೆಗೆ ನೆಂದು, ಲಾರಿ ಮೇಲೆ ಮಹಾರಾಜನ ಹಾಗೆ ನಿಂತಿದ್ದ. ನೀರಾನೆಯ ಮೈಗೆ ತಂಪು ಹತ್ತಿದ್ದೇ ತಡ, ಅದು ಗೇಣಿಗಿಂತ ಸಣ್ಣ ಕಿವಿಯನ್ನು ಗಿರ್ರನೆ ತಿರುಗಿಸಿ ಅವನ ಮುಖಕ್ಕೇ ನೀರು ಎರಚಿತು. ಬೀದಿ ನಕ್ಕ ನಗೆಗೆ ತಗಡು ಅದುರಿತು.

"ಇಷ್ಟು ವರ್ಷದಲ್ಲಿ ನೀನು ಒಂದು ದಿನ ಹೀಗೆ ಮುಖ ತೊಳೆಸಿದ್ದೀಯೇನೇ?" ಅಂದ ಗಂಡ.

"ನಿನ್ನ ಮುಖಕ್ಕೆ ನೀರಾನೆಯೇ ಸರಿ."

ಹೊತ್ತು ಇಳಿಯುವಾಗ ಅಚ್ಚು ರಿಪೇರಿಯಾಗಿ ಲಾರಿ ಹೊರಟಿತು. ಡ್ರೈವರ್ ಬೀದಿ ದಾಟುವ ತನಕ ಹಾರ್ನ್ ಹೊಡೆದ. ವಾಪಸ್ ಎಳೆದುಕೊಂಡ ಚಾದರಗಳ ತುಂಬ ಕೆಂಪು ಕಲೆ. ಸಾಬೂನಮ್ಮ ರಕ್ತ ಅಂತ ಎದೆ ಹಿಡಿದುಕೊಂಡಿದ್ದಳು. ಡ್ರೈವರ್ ಹೋಗೋ ಮುಂಚೆ, ಅದರ ಬೆವರೇ ಹಾಗೆ, ಹೆದರಬೇಡಿ ಅಂದಿದ್ದ. ಜಗತ್ತಿನ ಯಾವ ಕಲೆಯನ್ನೂ ಅಳಿಸಬಲ್ಲೆ ಅಂತ ಮೆರೆಯುತ್ತಿದ್ದ ಸಾಬೂನಮ್ಮ ಅದನ್ನು ಕುದಿಸಿದಳು, ಕುಕ್ಕಿದಳು, ಬಿಸಿಲಿಗೆ ಹಾಕಿದಳು, ಬೈದಳು. ಕೆಂಪು ಹೋಗಿ ಕಂದು ಬಂತು, ಕಂದು ಮಾತ್ರ ಹೋಗಲಿಲ್ಲ.

ಲಾಡ್ಜಿಗೆ ಮೆಷಿನ್ ಬಂತು. ಕಲೆಯಾದ ಚಾದರಗಳು, ಅವುಗಳ ದುಡ್ಡು, ಎರಡೂ ಇವರ ತಲೆಗೇ ಬಿದ್ದವು. ಆ ವರ್ಷ ಸಾಬೂನಮ್ಮ ಮನೆಮನೆ ತಿರುಗಿ ಬಟ್ಟೆ ಕೇಳಿ ತಂದಳು. ಒಂದೊಂದು ದಿನ ಒಲೆಗೂ ಉಪವಾಸ, ಇವರಿಗೂ ಉಪವಾಸ. ಗಂಡ ಒಂದು ದಿನವೂ ಹಂಗಿಸಲಿಲ್ಲ. ಕಲೆಯ ಚಾದರ ಕತ್ತಿನ ತನಕ ಎಳೆದುಕೊಂಡು, "ನೀರಾನೆ ಹೊದ್ದಿದ್ದನ್ನ ಹೊದೆಯೋ ಗಂಡಸು ಭೂಮಂಡಲದಲ್ಲಿ ನಾನೊಬ್ಬನೇ ಕಣೇ," ಅನ್ನುತ್ತಿದ್ದ.

ಡ್ರೈವರ್ ಮತ್ತೆ ಬಂದದ್ದು ಚಳಿ ಶುರುವಾದ ಮೇಲೆ. ಲಾರಿ ನಿಲ್ಲಿಸಿ ಇಳಿದ, ಆದರೆ ಬಾಗಿಲ ಹಿಡಿ ಬಿಡಲಿಲ್ಲ.

"ಹೇಗಿದ್ದಾಳೋ ನಮ್ಮ ಹುಡುಗಿ?" ಸಾಬೂನಮ್ಮ ಬಟ್ಟೆ ಹಿಂಡುತ್ತಾ ಕೂಗಿದಳು.

"ಮುಟ್ಟಿಸಿದೆ ಅಮ್ಮ. ಜೀವ ಗಟ್ಟಿಯಾಗೇ ಇತ್ತು. ನಿಮ್ಮ ಬೀದಿ ಪುಣ್ಯ."

"ಆಮೇಲೆ?"

ಅವನು ಚಪ್ಪಲಿಯಿಂದ ಮಣ್ಣು ಕೆರೆದ. "ಅಲ್ಲಿ ಕೊಳ ಕಟ್ಟಿದ್ರು. ನೀರಿನ ಪೈಪು ಇನ್ನೂ ಬಂದಿರಲಿಲ್ಲ. ಅದು ಬರೋ ತನಕ ಇದು ತಡೀಲಿಲ್ಲ."

ಹಿಂಡುತ್ತಿದ್ದ ಬಟ್ಟೆ ಸಾಬೂನಮ್ಮನ ಕೈಯಲ್ಲಿ ಹಾಗೇ ನಿಂತಿತು. ಡ್ರೈವರ್ ತಲೆ ಎತ್ತದೆ ಲಾರಿ ಹತ್ತಿ ಹೊರಟುಹೋದ. ಸದ್ದು ಕೇಳಿ ಗಡಿಯಾರದವನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿ ಬಂದಳು. ಹಿಂದೆ ಇನ್ನೂ ನಾಲ್ಕು ಮನೆಯವರು.

"ಅವನೇ ಅಲ್ವಾ? ಏನಂದ? ಹೇಗಿದೆಯಂತೆ?"

ಸಾಬೂನಮ್ಮ ಬಟ್ಟೆಯನ್ನು ಒಂದು ಸಲ ಜೋರಾಗಿ ಕೊಡವಿದಳು.

"ಹೇಗಿರುತ್ತೆ? ತಿಂದು ತಿಂದು ದಪ್ಪಗಾಗಿ ಕೊಳದಲ್ಲೇ ಹಿಡಿಸ್ತಿಲ್ಲವಂತೆ. ಇನ್ನೊಂದು ಕೊಳ ತೋಡಿಸ್ತಿದ್ದಾರಂತೆ. ಮಹಾರಾಣಿ ದಿನಕ್ಕೆ ಮೂರು ಸಲ ನೀರು ಬದಲಾಯಿಸಿ ಅಂತಾಳಂತೆ!"

"ನೋಡು ಮತ್ತೆ! ನಾನು ಹುಯ್ದ ನೀರು!" ಗಡಿಯಾರದವನ ಹೆಂಡತಿ ಅಂದಳು. ಎಲ್ಲರೂ ನಕ್ಕರು. ಸಾಬೂನಮ್ಮನ ನಗು ಎಲ್ಲರಿಗಿಂತ ಮೇಲಿತ್ತು.

ಒಳಗೆ ಮೇಜಿನ ಹತ್ತಿರ, ಡ್ರೈವರ್ ಮಾತು ಕೇಳಿಸಿಕೊಂಡಿದ್ದ ಗಂಡ ಯಾರದೋ ಅಂಗಿಯ ಒಂದೇ ತೋಳಿಗೆ, ನೆರಿಗೆಯೇ ಇಲ್ಲದ ತೋಳಿಗೆ, ಮತ್ತೆ ಮತ್ತೆ ಇಸ್ತ್ರಿ ಎಳೆಯುತ್ತಿದ್ದ.