ಹೆಬ್ಬೆರಳಿನ ಜಾಗ

ಮಿಟುಕುತ್ತಿದೆ, ಪರದೆಯ ಬಿಳೀ ಪುಟದ ಮೇಲ್ತುದಿಯಲ್ಲಿ ಆ ಕರೀ ಗೀಟು, ಬರುತ್ತೆ ಹೋಗುತ್ತೆ, ಬರುತ್ತೆ ಹೋಗುತ್ತೆ, ಅದರಾಚೆ ಒಂದಕ್ಷರವಿಲ್ಲ, ಪುಟದ ನೆತ್ತಿಯ ಮೇಲೆ ಎರಡು ಪಟ್ಟಿ, ಒಂದರ ಮೇಲೆ ಹೊಲಿಗೆ ಅಂತ, ಇನ್ನೊಂದರ ಮೇಲೆ ಯಂತ್ರ ಅಂತ, ಅವನು ಇದನ್ನು ಒತ್ತುತ್ತಾನೆ, ಬಿಳಿ, ಅದನ್ನು ಒತ್ತುತ್ತಾನೆ, ಬಿಳಿ, ಖಾಲಿ ಮೇಡಂ, ಎರಡೂ ಖಾಲಿ, ಅಂದ ಶಾರ್ಟ್‌ಕಟ್ಟು ನನ್ನ ಹಿಂದೆ ನಿಂತ ಮ್ಯಾನೇಜರಮ್ಮನಿಗೆ, ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಈ ಆಸಾಮಿಗೆ ನಾನು ಮನಸ್ಸಿನಲ್ಲೇ ಇಟ್ಟ ಹೆಸರು ಅದು, ಬಾಯಿಬಿಟ್ಟು ಕರೆದಿಲ್ಲ, ಕರೆಯೋಣವೆಂದರೆ ಬಾಯಿ ಎಲ್ಲಿದೆ — ಖಾಲಿಯಂತೆ! ಮೂರು ವಾರ ಒಂದೇ ಕೈಯಲ್ಲಿ, ಅದೂ ಎಡಗೈಯಲ್ಲಿ, ಕುಟ್ಟಿ ಕುಟ್ಟಿ ಬರೆದಿದ್ದೇನೆ ಕಣಯ್ಯಾ, ಸೂಜಿ ಮುರಿದರೆ ಏನು ಮಾಡಬೇಕು, ದಾರ ಗಂಟಾದರೆ ಏನು ಮಾಡಬೇಕು, ಮಕ್ಕಳ ಬೆರಳು ಎಲ್ಲಿಗೆ ಹೋಗಬಾರದು, ಒಂದು ಹೊಲಿಗೆ ಯಂತ್ರ ಕೊಂಡವರು ಕೇಳಬಹುದಾದ ಪ್ರಶ್ನೆಯನ್ನೆಲ್ಲ ಊಹಿಸಿ ಉತ್ತರ ಬರೆದಿದ್ದೇನೆ, ಇಡೀ ಕೈಪಿಡಿ ಅಲ್ಲೇ ಇದೆ, ನಿನ್ನ ಮೂಗಿನ ಕೆಳಗೇ ಇದೆ, ಹೊಲಿಗೆ ಯಂತ್ರ ಅನ್ನೋ ಒಂದೇ ಫೈಲಿನಲ್ಲಿ, ನೀನು ತೆರೆದಿರೋದು ಅದನ್ನಲ್ಲ. ಅವನು ಒಂದು ಗುಂಡಿ ಮಾಡಿಟ್ಟುಕೊಂಡಿದ್ದಾನೆ, ಒತ್ತಿದರೆ ಫೈಲಿನ ಹೆಸರನ್ನು ಎಡಿಟರಿಗೆ, ಅಂದರೆ ಬರಹ ತೆರೆಯೋ ಪ್ರೋಗ್ರಾಮಿಗೆ, ದಾಟಿಸುತ್ತೆ, ಹೆಸರಿನ ನಡುವೆ ಸ್ಪೇಸ್ ಕಂಡರೆ ಸಾಕು, ಇದು ಒಂದಲ್ಲ ಎರಡು ಅಂತ ತೀರ್ಮಾನಿಸಿಬಿಡುತ್ತೆ ಆ ದಡ್ಡ ಗುಂಡಿ, ಎಡಿಟರು ಹೊಲಿಗೆ ಅನ್ನೋ ಫೈಲು ಹುಡುಕುತ್ತೆ, ಇಲ್ಲ, ಯಂತ್ರ ಅನ್ನೋದು ಹುಡುಕುತ್ತೆ, ಅದೂ ಇಲ್ಲ, ಇಲ್ಲದಿದ್ದರೆ ಇಲ್ಲ ಅನ್ನಬೇಕು ತಾನೆ, ಮರ್ಯಾದಸ್ತರು ಹಾಗೇ ಮಾಡೋದು, ಇದು ಹಾಗನ್ನೋದಿಲ್ಲ, ಎರಡು ಹೊಸ ಖಾಲಿ ಪುಟ ಹುಟ್ಟಿಸಿ, ತಗೊಳ್ಳಿ, ಇವರು ಬರೆದದ್ದು ಇಷ್ಟೇ, ಅಂತ ಮುಂದೆ ಹಿಡಿಯುತ್ತೆ. ನನಗೆ ಗೊತ್ತು. ನನ್ನ ತಲೆ ನೆಟ್ಟಗಿದೆ. ಹೇಳೋಕಾಗ್ತಿಲ್ಲ.

ತಲೆ ಹೋಗಿಲ್ಲ ಅನ್ನೋದನ್ನೇ ಯಾರೂ ನಂಬೋದಿಲ್ಲ, ಬೇಸಿಗೆಯಲ್ಲಿ ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಬ್ರಷ್ಷು ಕೈಯಿಂದ ಜಾರಿತು, ಬಗ್ಗಿ ತೆಗೆಯೋಣ ಅಂದುಕೊಂಡೆ, ಕೈ ನನ್ನದಲ್ಲ, ಹೆಂಡತೀನ ಕೂಗಿದೆ, ಹೊರಗೆ ಬಂದದ್ದು ಮುದ್ದೆ ಮುದ್ದೆಯಾದ ಒಂದು ಸದ್ದು — ಮೆದುಳಿಗೆ ಹೋಗೋ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಬಲಗೈ, ನಾಲಿಗೆ, ತುಟಿ, ಅಷ್ಟೇ, ಬುದ್ಧಿಗೇನೂ ಆಗಿಲ್ಲ, ಅಂದರು ಡಾಕ್ಟರು ಎಲ್ಲರ ಎದುರಿಗೇ, ಕೇಳಿದವರೆಲ್ಲ ತಲೆಯಾಡಿಸಿದರು, ಆಡಿಸಿ ನನ್ನ ಕಡೆ ತಿರುಗಿ ಮಗುವಿಗೆ ಹೇಳೋ ಹಾಗೆ, ಊ...ಟ ಆಯ್ತಾ, ಅಂತ ಕೇಳಿದರು! ಭಾಮೈದನಂತೂ, ಬಿಡಿ ಭಾವ, ಇಷ್ಟು ದಿನ ದುಡಿದದ್ದು ಸಾಕು, ಮನೇಲಿ ಆರಾಮಾಗಿ ಟೀವಿ ನೋಡ್ಕೊಂಡಿರಿ, ಅಂದ, ಆರಾಮಂತೆ, ಆರಾಮಾಗಿ ಕೊಳೆಯೋದು. ಹೆಂಡತಿ ಒಬ್ಬಳೇ ಮೊದಲಿನ ಹಾಗೆ ಜಗಳವಾಡಿದಳು, ಒದ್ದೆ ಟವೆಲ್ಲು ಹಾಸಿಗೆ ಮೇಲೆ ಹಾಕಬೇಡಿ ಅಂತ ಎಷ್ಟು ಸಲ ಹೇಳೋದು ನಿಮಗೆ, ಅಂತ ಕೂಗಾಡಿದಳು, ಅವತ್ತು ಎಷ್ಟು ಸಂತೋಷವಾಯಿತು ನನಗೆ, ಅವಳೇ ಹಿಡಿದು ಮಾತಿನ ಟೀಚರಮ್ಮನ ಹತ್ತಿರ ಕರಕೊಂಡು ಹೋದದ್ದು, ಆಕೆ ನನ್ನ ಎಡಗೈಯನ್ನು ಮೇಜಿನ ಮೇಲಿಟ್ಟು, ನಿಮ್ಮ ಮಾತು ಕೆಟ್ಟಿಲ್ಲ ಸಾರ್, ಒಂದಕ್ಕೊಂದು ಅಂಟಿಕೊಳ್ತಿದೆ ಅಷ್ಟೇ, ಒಂದು ಪದ ಹೇಳಿ, ಹೆಬ್ಬೆರಳಲ್ಲಿ ಮೇಜು ತಟ್ಟಿ, ಆಮೇಲೆ ಇನ್ನೊಂದು, ಅವಸರ ಬೇಡ, ಮಧ್ಯೆ ಜಾಗ ಬಿಡಿ, ಅಂದಳು. ನೀರು, ಟಕ್, ಕೊಡು. ಮೊದಲ ಸಲ ಹೆಂಡತಿಗೆ ಅರ್ಥವಾದ ದಿನ ಅವಳು ಲೋಟ ಹಿಡಿದುಕೊಂಡೇ ಅತ್ತಳು. ನೀರು, ಟಕ್, ಕೊಡು — ಆ ಟಕ್ಕಿನಲ್ಲಿದೆ ನನ್ನ ಮಾತೆಲ್ಲ, ಕೀಬೋರ್ಡಿನಲ್ಲೂ ಅಷ್ಟೇ, ಮಿಕ್ಕ ಕೀಲಿಯನ್ನೆಲ್ಲ ಹುಡುಕಿ ಹುಡುಕಿ ಒತ್ತಬೇಕು, ಕೆಳಗಿನ ಆ ಉದ್ದ ಕೀಲಿ ಮಾತ್ರ ನನ್ನ ಹೆಬ್ಬೆರಳಿಗಾಗಿ ಕಾದು ಮಲಗಿರುತ್ತೆ, ಒತ್ತಿದರೆ ಜಾಗ, ನಾನು ಗೆದ್ದುಕೊಂಡ ಜಾಗ. ಈ ಶಾರ್ಟ್‌ಕಟ್ಟು ಆಫೀಸಿನ ಗೋಡೆಗೆ ನೋಟೀಸು ಅಂಟಿಸಿದ್ದಾನೆ, ಫೈಲಿನ ಹೆಸರಿನಲ್ಲಿ ಸ್ಪೇಸ್ ಬಿಡಕೂಡದು, ಪದಗಳನ್ನು ಕೂಡಿಸಿ ಬರೆಯಿರಿ ಅಥವಾ ನಡುವೆ ಅಡಿಗೀಟು ಹಾಕಿರಿ, ಕೂಡಿಸಿ ಬರೆಯಬೇಕಂತೆ, ಅಂಟಿಕೊಂಡದ್ದನ್ನು ಬಿಡಿಸಿಕೊಳ್ಳೋಕೆ ನಾನು ಪಟ್ಟ ಪಾಡು ಇವನಿಗೇನು ಗೊತ್ತು, ಅಡಿಗೀಟಿಗೆ ಎರಡು ಕೀಲಿ ಒಟ್ಟಿಗೆ ಒತ್ತಬೇಕು, ಒಂದು ಇಲ್ಲಿ, ಒಂದು ಅಲ್ಲೆಲ್ಲೋ ಬಲತುದಿಯಲ್ಲಿ, ಳ ಣ ಬರೆಯೋಕೇ ಹಾಗೆ ಒತ್ತಿ ಒತ್ತಿ ಬೆರಳು ನಜ್ಜುಗುಜ್ಜಾಗಿದೆ, ಎರಡು ಕೈ ಇದ್ದವನು ಎರಡು ಕೈ ಇದ್ದವರಿಗೆ ಅಂತ ಬರೆದ ನಿಯಮ! ಅವನ ಗುಂಡಿ ಸರಿಮಾಡಿಕೊಳ್ಳೋದು ನೀರು ಕುಡಿದಷ್ಟು ಸುಲಭ, ಅದನ್ನು ಮಾಡೋದಿಲ್ಲ, ಲೋಕವೆಲ್ಲ ಹೆಸರು ಬದಲಾಯಿಸಬೇಕು. ಹೌದು, ಹಠಕ್ಕೇ ಸ್ಪೇಸ್ ಬಿಟ್ಟೆ, ಬಿಡುತ್ತೇನೆ.

ಇವರಿಂದ ಆಗುತ್ತೋ ಇಲ್ವೋ ಈ ಒಂದು ಕೈಪಿಡೀಲಿ ಗೊತ್ತಾಗಿಬಿಡಲಿ, ಅಂತ ಹೇಳಿದ್ದಳು ಮ್ಯಾನೇಜರಮ್ಮ ನಾನು ಕೆಲಸಕ್ಕೆ ವಾಪಸ್ ಬಂದ ದಿನ, ಈಗ ನನ್ನ ಕುರ್ಚಿಯ ಹಿಂದೆ ನಿಂತು ನಿಟ್ಟುಸಿರು ಬಿಡುತ್ತಿದ್ದಾಳೆ, ಪಾಪ, ಬರೆದಿದೀನಿ ಅಂತ ಅವರಿಗೆ ಅನ್ನಿಸಿರಬೇಕು ಕಣ್ರೀ, ನಾವೇ ಅವಸರ ಮಾಡಿದ್ವೇನೋ, ಇವತ್ತು ಗಿರಾಕಿಗೆ ಬೇರೆ ಕಳಿಸಬೇಕು, ಅನ್ನುತ್ತಾಳೆ, ನನಗಲ್ಲ, ಅವನಿಗೆ, ನನ್ನ ತಲೆಯ ಮೇಲಿಂದ, ನಾನೇನು ಕಪಾಟೇ? ಅನ್ನಿಸಿರಬೇಕಂತೆ! ಬಾಯಿ ತೆರೆದೆ, ಎಲ್ಲ ಒಟ್ಟಿಗೆ ನುಗ್ಗಿ ಬಂತು, ಹೆಸರುಸ್ಪೇಸುಗುಂಡಿದಡ್ಡ, ಜೊಲ್ಲು ಗಲ್ಲಕ್ಕಿಳಿಯಿತು, ನೀರು ಬೇಕಂತೆ ಅಂದಳು, ನೀರು ಬಂತು, ಯಾರಿಗೆ ಬೇಕು ನಿಮ್ಮ ನೀರು, ಸಾರ್, ಟೆನ್ಷನ್ ಮಾಡ್ಕೋಬೇಡಿ, ಅಂತ ಕಿವುಡನಿಗೆ ಹೇಳೋ ಹಾಗೆ ಕಿರುಚಿದ ಶಾರ್ಟ್‌ಕಟ್ಟು, ಕೀಬೋರ್ಡಿಗೆ ಕೈ ಚಾಚಿದೆ, ಒಂದು ಓರೆಗೀಟು ಸಾಕು, ಸ್ಪೇಸಿನ ಮುಂಚೆ ಒಂದೇ ಒಂದು ಓರೆಗೀಟು ಹಾಕಿದರೆ ಇದು ಒಂದೇ ಹೆಸರು ಅಂತ ಎಡಿಟರಿಗೆ ತಿಳಿದು ಫೈಲು ತೆರೆದುಕೊಳ್ಳುತ್ತೆ, ಅವನು ಕೀಬೋರ್ಡನ್ನೇ ಎತ್ತಿ ಎದೆಗವಚಿಕೊಂಡ, ಬೇಡ ಸಾರ್, ಇರೋದೂ ಅಳಿಸಿಹೋದೀತು, ಇರೋದು? ಇದೆ ಅಂತ ನಂಬಿದ್ದೀಯಾ ಹಾಗಾದರೆ? ಅವಳು ಫೋನು ತೆಗೆದಳು, ಇವರ ಮನೆಯವರಿಗೆ ಬಂದು ಕರ್ಕೊಂಡು ಹೋಗೋಕೆ ಹೇಳ್ತೀನಿ — ಬೇಡ, ಹೆಂಡತಿಗೆ ಬೇಡ, ಬೆಳಗ್ಗೆ ಅವಳೇ ಅಂಗಿಯ ಗುಂಡಿ ಹಾಕಿ, ಇವತ್ತು ತೋರಿಸಿ ಅವರಿಗೆ, ಅಂದು ಕಳಿಸಿದ್ದಾಳೆ, ಅವಳು ಬಂದು ಈ ಬಿಳೀ ಪುಟ ನೋಡಬಾರದು, ಅವಳೂ ನಂಬಿಬಿಟ್ಟರೆ, ಒಂದು ಕ್ಷಣ, ಅರೆ ಕ್ಷಣ ನಂಬಿದರೂ ನಾನು ಸತ್ತ ಹಾಗೆ. ಮೇಜು ಇದೆ. ಮೇಜನ್ನು ಎತ್ತಿಕೊಂಡು ಹೋಗಲಾರ ಇವನು. ಹೆಬ್ಬೆರಳು ಇಟ್ಟೆ. ಖಾಲಿ. ಟಕ್. ಅಲ್ಲ. ಇಬ್ಬರೂ ತಿರುಗಿದರು, ಉಸಿರು ಎಳೆದುಕೊಂಡೆ, ಟಕ್, ಹೆಸರು, ಟಕ್, ಒಂದು, ಟಕ್, ಎರಡಲ್ಲ. ಏನಂದ್ರು, ಅಂದಳು ಅವಳು, ಫೋನು ಕಿವಿಯಿಂದ ಇಳಿಯಿತು. ಅವನು ಪರದೆ ನೋಡಿದ, ಹೊಲಿಗೆ, ಯಂತ್ರ, ಆ ಎರಡು ಪಟ್ಟಿ ನೋಡಿದ, ಕಿವಿ ಕೆಂಪಾಯಿತು, ಕೀಬೋರ್ಡು ಎದೆಯಿಂದ ಮೇಜಿಗೆ ಬಂತು, ಓರೆಗೀಟು ಹಾಕಿದ. ಬಿಳೀ ಪುಟ ಹೋಯಿತು. ಸಾಲು, ಸಾಲು, ಸಾಲು, ಸೂಜಿಗೆ ದಾರ ಪೋಣಿಸುವ ಮೊದಲು ಯಂತ್ರವನ್ನು ನಿಲ್ಲಿಸಿರಿ, ಅವಳು ಗಟ್ಟಿಯಾಗಿ ಓದಿದಳು, ಇನ್ನೊಂದು ಪುಟ ಓದಿದಳು, ಚೆನ್ನಾಗಿದೆ ಕಣ್ರೀ, ಅಂದಳು, ಈ ಸಲ ನನ್ನ ಮುಖ ನೋಡಿ ಅಂದಳು, ಮುಂದಿನದು ಬಟ್ಟೆ ಒಗೆಯೋ ಯಂತ್ರ, ನೀವೇ ಶುರುಮಾಡಿ. ಕ್ಷಮಿಸಿ ಅನ್ನಲಿಲ್ಲ. ಅವನು ಕೀಬೋರ್ಡನ್ನು ನನ್ನ ಕಡೆ ತಳ್ಳುತ್ತ, ಆದ್ರೆ ಸಾರ್, ಇನ್ಮೇಲೆ ಹೆಸರಲ್ಲಿ ಸ್ಪೇಸ್ ಬೇಡ, ಎಲ್ಲರಿಗೂ ತೊಂದರೆ, ಅನ್ನುತ್ತಾನೆ, ಎಲ್ಲರಿಗೂ! ಎಲ್ಲರಲ್ಲಿ ನಾನಿಲ್ಲ ನೋಡಿ. ಹೊಸ ಫೈಲು, ಹೆಸರು ಕೇಳುತ್ತಿದೆ, ಗೀಟು ಮಿಟುಕುತ್ತಿದೆ, ಅಕ್ಷರ ಹುಡುಕಿ ಹುಡುಕಿ ಒತ್ತುತ್ತೇನೆ, ಬಟ್ಟೆ, ಬರೆದಾಯಿತು, ಇಬ್ಬರೂ ನನ್ನ ಕೈ ನೋಡುತ್ತಿದ್ದಾರೆ, ನೋಡಲಿ, ಎತ್ತಿದ್ದೇನೆ, ಆ ಉದ್ದ ಕೀಲಿಯ ಮೇಲೆ, ನನ್ನ ಹೆಬ್ಬೆರಳು